ಬೆಳೆಯುತ್ತಿರುವ ಸಣ್ಣ ಕಾರ್ಖಾನೆಗೆ ಅಕೌಂಟೆಂಟ್ ಆಗಿ ಸೇರಬಹುದೇ? ಮುಂದೆ ದಾರಿ ಇದೆಯೇ?

ಗೋಕುಲರಸ್ತೆ

ನಮಸ್ಕಾರ. ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಆಡಿಟರೊಬ್ಬರ ಕಚೇರಿಯಲ್ಲಿದ್ದೇನೆ. ಟ್ಯಾಲಿ ಸಾಫ್ಟ್‌ವೇರ್, ಜಿಎಸ್‌ಟಿ, ಟಿಡಿಎಸ್, ಬ್ಯಾಂಕ್ ತಾಳೆ ಇವೆಲ್ಲ ಕೈಗೆ ಹತ್ತಿವೆ. ಸಿಎ ಇಂಟರ್‌ನಲ್ಲಿ ಒಂದು ಗ್ರೂಪ್ ಆಗಿದೆ, ಇನ್ನೊಂದು ಕೈಕೊಡುತ್ತಲೇ ಇದೆ.

ಈಗ ಎರಡು ಕೆಲಸಗಳು ಎದುರಿಗಿವೆ. ಒಂದು, ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಮಷಿನಿಂಗ್ ಘಟಕ. ಕಳೆದ ವರ್ಷದ ವಹಿವಾಟು 4.8 ಕೋಟಿ, ಈ ವರ್ಷ ಏಳು ಕೋಟಿ ದಾಟುತ್ತದೆ ಎನ್ನುತ್ತಾರೆ. ಕೆಲಸಗಾರರು 22 ಮಂದಿ. ಸಂಬಳ 28 ಸಾವಿರ. ಇನ್ನೊಂದು, ಬೆಂಗಳೂರಿನಲ್ಲಿ ವಿದೇಶಿ ಕಂಪನಿಯೊಂದರ ಲೆಕ್ಕಪತ್ರ ಕೇಂದ್ರ. ಪೂರೈಕೆದಾರರ ಬಿಲ್ಲುಗಳನ್ನು ಪರಿಶೀಲಿಸಿ ಪಾವತಿಗೆ ಕಳಿಸುವ ಕೆಲಸ, 38 ಸಾವಿರ. ಮನೆಯವರು ಬೆಂಗಳೂರು ಎನ್ನುತ್ತಾರೆ, ನನಗೆ ಕಾರ್ಖಾನೆಯ ಕಡೆ ಮನಸ್ಸು. ಆದರೆ ಅಲ್ಲಿ ಹೋಗಿ ಜೀವನವಿಡೀ ವೋಚರ್ ಬರೆಯುತ್ತಾ ಕೂರಬೇಕಾಗುತ್ತದೆಯೇ ಎಂಬ ಅಳುಕು. ಇಂಥ ಕಡೆ ಬೆಳೆದವರು ಇಲ್ಲಿದ್ದರೆ ಹೇಳಿ.

ರಾತ್ರಿಪಾಳಿ

ನೀವು ಹೇಳುವ ಬೆಂಗಳೂರಿನ ಕೆಲಸದಂಥದ್ದರಲ್ಲೇ ನಾನಿದ್ದೇನೆ. ಎಲ್ಲರೂ ಇದನ್ನು ಹೀಗಳೆಯುವುದಕ್ಕೆ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ನನಗೆ ಒಂದೇ ದೇಶದ, ಒಂದೇ ಬಗೆಯ ಪೂರೈಕೆದಾರರ ಬಿಲ್ಲುಗಳು ಬರುತ್ತವೆ. ಕಂಪನಿಗೆ ಲಾಭವಾಯಿತೋ ನಷ್ಟವಾಯಿತೋ ಪತ್ರಿಕೆಯಲ್ಲಿ ಓದಿ ತಿಳಿಯಬೇಕು. ಆದರೆ ರಜೆ ಹಾಕಿದರೆ ನನ್ನ ಕೆಲಸ ನೋಡಲು ಇನ್ನೊಬ್ಬರಿದ್ದಾರೆ. ಸಣ್ಣ ಘಟಕದಲ್ಲಿ ಅಕೌಂಟೆಂಟ್ ಒಬ್ಬನೇ. ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ ರಿಟರ್ನ್. ಇವುಗಳ ನಡುವೆ ತಂಗಿಯ ಮದುವೆ ಇಟ್ಟುಕೊಳ್ಳಬೇಡಿ. ಎಸ್‌ಎಪಿ (ದೊಡ್ಡ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್) ಗೊತ್ತಿದ್ದರೆ ನಾಳೆ ಬೇರೆ ಕಂಪನಿಗೂ ಹೋಗಬಹುದು. ಟ್ಯಾಲಿ ಮಾತ್ರ ಗೊತ್ತಿದ್ದರೆ ಇನ್ನೊಂದು ಟ್ಯಾಲಿಗೆ ಹೋಗುತ್ತೀರಿ, ಅಷ್ಟೆ.

ಪೀಣ್ಯ_ಹಳಬ

ರಾತ್ರಿಪಾಳಿಯವರ ಮಾತಿನಲ್ಲಿ ರಜೆಯ ವಿಷಯ ಸತ್ಯ. ಟ್ಯಾಲಿಯ ವಿಷಯ ಅರ್ಧ ಸತ್ಯ. ನಾನು ಪೀಣ್ಯದಲ್ಲಿ ಕೈಬರಹದ ಕಿರ್ದಿ, ಖಾತೆಗಳ ಕಾಲದಿಂದ ಇದ್ದೇನೆ. ಸಾಫ್ಟ್‌ವೇರ್ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಅದರಿಂದ ಯಾರೂ ಕೆಲಸ ಕಳೆದುಕೊಂಡದ್ದನ್ನು ನೋಡಿಲ್ಲ. ಕೆಲಸ ಕಳೆದುಕೊಂಡವರು, ಕಂಪನಿ ಬೆಳೆದ ಮೇಲೂ ಎಂಟ್ರಿ ಹಾಕುವುದೇ ತಮ್ಮ ಉದ್ಯೋಗ ಎಂದುಕೊಂಡವರು. ವಹಿವಾಟು ಇಪ್ಪತ್ತು ಕೋಟಿಯಾದ ದಿನ ಮಾಲೀಕರು ಹೊರಗಿನಿಂದ ಒಬ್ಬ ಸಿಎಯನ್ನು ತಂದು ಇವರ ತಲೆಯ ಮೇಲೆ ಕೂರಿಸುತ್ತಾರೆ. ಹದಿನೈದು ವರ್ಷದ ನಿಷ್ಠೆಗೆ ಬೆಲೆ ಇಲ್ಲ ಎಂದು ಇವರು ಗೊಣಗುತ್ತಾರೆ.

ತಮ್ಮಾ, ಸಂಬಳದ ಅಂಕಿಗಿಂತ ಮೊದಲು ಮಾಲೀಕರನ್ನು ನೋಡು. ಹೋಗಿ ಮಾತಾಡಿಸುವಾಗ ಒಂದು ಮಾತು ಕೇಳು: "ಕಂಪನಿಯ ಬ್ಯಾಂಕ್ ಖಾತೆಯನ್ನು ನೋಡಲು ನನಗೆ ಅನುಮತಿ ಕೊಡುತ್ತೀರಾ?" ಹಣ ಕಳಿಸುವ ಅಧಿಕಾರ ಬೇಡ, ನೋಡುವ ಅನುಮತಿ ಸಾಕು. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕಳಿಸುತ್ತೇನೆ ಎಂದರೆ ಅಲ್ಲಿ ನೀನು ಗುಮಾಸ್ತ. ಮನೆಯ ಕಂತು, ಮಗಳ ಶಾಲೆಯ ಶುಲ್ಕ, ಕಾರಿನ ವಿಮೆ ಎಲ್ಲವೂ ಒಂದೇ ಖಾತೆಯಿಂದ ಹೋಗುತ್ತಿದ್ದರೆ ಗಾಬರಿಯಾಗಬೇಡ, ನಮ್ಮಲ್ಲಿ ಅದು ಎಲ್ಲ ಕಡೆಯೂ ಇದೆ. "ಅದನ್ನು ಬೇರೆ ಮಾಡೋಣ" ಎಂದಾಗ ಅವರ ಮುಖ ಹೇಗಾಗುತ್ತದೆ ನೋಡಿಕೋ.

ಉದ್ಯಮಬಾಗ್_ಅಕೌಂಟ್ಸ್

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಯೊಂದರ ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಸೇರಿದ್ದು ಅಕೌಂಟ್ಸ್ ಅಸಿಸ್ಟೆಂಟ್ ಆಗಿ. ಈಗ ನನ್ನ ಕೈಕೆಳಗೆ ನಾಲ್ವರಿದ್ದಾರೆ. ಹೇಗಾಯಿತು ಎಂದರೆ ಉತ್ತರ ಒಂದೇ: ಮಾಲೀಕರಿಗೆ ನಿದ್ದೆಗೆಡಿಸುವ ಪ್ರಶ್ನೆ ಯಾವುದೋ ಅದಕ್ಕೆ ಉತ್ತರ ಕೊಡತೊಡಗಿದೆ. ಆ ಪ್ರಶ್ನೆ ತೆರಿಗೆಯದಲ್ಲ. "ಆರ್ಡರ್ ತುಂಬಾ ಇದೆ, ಲಾಭವೂ ಇದೆ, ಆದರೆ ಶನಿವಾರದ ಬಟವಾಡೆಗೆ ದುಡ್ಡೇ ಇಲ್ಲವಲ್ಲ, ಯಾಕೆ?"

ನಿಮ್ಮ ಹುಬ್ಬಳ್ಳಿಯ ಘಟಕವನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 4.8 ಕೋಟಿ ಎಂದರೆ ತಿಂಗಳಿಗೆ 40 ಲಕ್ಷ. ಗ್ರಾಹಕ ಕಂಪನಿ 90 ದಿನಕ್ಕೆ ಹಣ ಕೊಡುತ್ತದೆ, ಜಿಎಸ್‌ಟಿ ಶೇ 18 ಎಂದಿಟ್ಟುಕೊಳ್ಳಿ. ಹೊರಗೆ ನಿಂತಿರುವ ಬಾಕಿ 1.2 ಕೋಟಿ, ಅದರ ಮೇಲೆ ತೆರಿಗೆ 21.6 ಲಕ್ಷ, ಒಟ್ಟು 141.6 ಲಕ್ಷ. ವಹಿವಾಟು ತಿಂಗಳಿಗೆ 60 ಲಕ್ಷಕ್ಕೆ ಏರಿತು ಎನ್ನಿ, ಅಂದರೆ ವರ್ಷಕ್ಕೆ 7.2 ಕೋಟಿ. ಬಾಕಿ 212.4 ಲಕ್ಷವಾಗುತ್ತದೆ. ಒಮ್ಮೆಲೇ 70.8 ಲಕ್ಷ ಹೆಚ್ಚು ಹಣ ಹೊರಗೆ ಸಿಕ್ಕಿಹಾಕಿಕೊಂಡಿತು. ಕಚ್ಚಾ ಮಾಲು ಮಾರಾಟದ ಶೇ 60ರಷ್ಟು, ಅದು ನಿಮಗೆ 30 ದಿನದ ಉದ್ರಿಯಲ್ಲಿ ಸಿಗುತ್ತದೆ ಎಂದರೆ ನೀವು ಕೊಡಬೇಕಾದ ಬಾಕಿ ತೆರಿಗೆ ಸೇರಿ 28.32 ಲಕ್ಷದಿಂದ 42.48 ಲಕ್ಷಕ್ಕೆ ಏರುತ್ತದೆ. ಅಲ್ಲಿ ಸಿಕ್ಕ ಉಸಿರು 14.16 ಲಕ್ಷ ಮಾತ್ರ. ಉಳಿದ 56.64 ಲಕ್ಷವನ್ನು ಯಾರಾದರೂ ತಂದು ಹಾಕಬೇಕು. ದಾಸ್ತಾನು, ಹೊಸ ಯಂತ್ರದ ಕಂತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇನ್ನು ಜೂನ್ ತಿಂಗಳ ಬಿಲ್ಲಿನ ತೆರಿಗೆಯನ್ನು ಜುಲೈ 20ಕ್ಕೆ ಸರ್ಕಾರಕ್ಕೆ ಕಟ್ಟುತ್ತೀರಿ, ಗ್ರಾಹಕರು ನಿಮಗೆ ಕೊಡುವುದು ಸೆಪ್ಟೆಂಬರಿನಲ್ಲಿ.

ದಿನನಿತ್ಯದ ವಹಿವಾಟಿಗೆ ಬ್ಯಾಂಕು ಕೊಡುವ ದುಡಿಯುವ ಬಂಡವಾಳದ ಸಾಲದ ಮಿತಿ ಐದು ಕೋಟಿಯೊಳಗಿರುವ ಸಣ್ಣ ಘಟಕಗಳಿಗೆ ಅಂದಾಜು ವಹಿವಾಟಿನ ಕನಿಷ್ಠ ಶೇ 20ರಷ್ಟನ್ನು ಬ್ಯಾಂಕು ಕೊಡಬೇಕು ಎಂಬ ಸೂತ್ರವಿದೆ, ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿ ಹೇಳಿದ್ದು. ಅದರ ಪ್ರಕಾರ 96 ಲಕ್ಷ ಇದ್ದದ್ದು 1.44 ಕೋಟಿಯಾಗಬಹುದು. ಹೆಚ್ಚಿದ್ದು 48 ಲಕ್ಷ. ಇನ್ನುಳಿದದ್ದು ಮಾಲೀಕರ ಕೈಯಿಂದ. ಆ 48 ಲಕ್ಷವೂ ಕೇಳಿದ ಕೂಡಲೇ ಬರುವುದಿಲ್ಲ. ಬ್ಯಾಂಕಿನವರು ಮುಂದಿನ ವರ್ಷದ ಅಂದಾಜು, ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್, ಬಾಕಿದಾರರ ಪಟ್ಟಿ ಕೇಳುತ್ತಾರೆ. ಸಾಮಾನ್ಯವಾಗಿ 90 ದಿನ ಮೀರಿದ ಬಾಕಿಯನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಕಾಗದಗಳನ್ನು ಯಾರು ಮಾಡುತ್ತಾರೋ, ಬ್ಯಾಂಕಿನ ಮ್ಯಾನೇಜರ್ ಎದುರು ಕೂತು ಯಾರು ಉತ್ತರ ಹೇಳುತ್ತಾರೋ, ಅವರನ್ನು ಕಂಪನಿ ಬಿಡುವುದಿಲ್ಲ. ಈ ಲೆಕ್ಕವನ್ನು ಆರ್ಡರ್ ಒಪ್ಪಿಕೊಳ್ಳುವ ಮೊದಲು ಮಾಡಬೇಕು. ಆಮೇಲೆ ಮಾಡಿದರೆ ಅದು ಇತಿಹಾಸ.

ಗೋಕುಲರಸ್ತೆ

ಮೇಡಂ, ನಾಲ್ಕು ವರ್ಷಗಳಲ್ಲಿ ಇಂಥ ಲೆಕ್ಕವನ್ನು ಯಾರೂ ನನ್ನಿಂದ ಮಾಡಿಸಿಲ್ಲ. ಆಡಿಟರ ಕಚೇರಿಯಲ್ಲಿ ನಮಗೆ ಬರುವುದೆಲ್ಲ ಮುಗಿದುಹೋದ ವರ್ಷದ ಕಾಗದ.

ಗೇರುಬೀಜ_ಕಾರ್ಕಳ

ಮಾಲೀಕರ ಕಡೆಯಿಂದ ಒಬ್ಬರು ಮಾತಾಡಲಿ ಎಂದು ಬರೆಯುತ್ತಿದ್ದೇನೆ. ನಮ್ಮದು ಗೇರುಬೀಜ ಸಂಸ್ಕರಣೆ. ಬೇಸಿಗೆಯ ಕೆಲವೇ ತಿಂಗಳಲ್ಲಿ ಬೀಜ ಕೊಂಡು ವರ್ಷವಿಡೀ ಸುಲಿದು ಮಾರುವವರು ನಾವು. ಹಣವೆಲ್ಲ ಗೋದಾಮಿನಲ್ಲಿ ಮೂಟೆಯಾಗಿ ಕೂತಿರುತ್ತದೆ.

ನಮ್ಮಲ್ಲಿಗೆ ಬಂದ ಅಕೌಂಟೆಂಟುಗಳಲ್ಲಿ ಹೆಚ್ಚಿನವರು ಬುದ್ಧಿವಂತರೇ. ಆದರೆ ಕುರ್ಚಿ ಬಿಟ್ಟು ಏಳುವುದಿಲ್ಲ. ಗೇರುಬೀಜದಲ್ಲಿ 80 ಕಿಲೋ ಮೂಟೆಗೆ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬುದರ ಮೇಲೆ ಇಡೀ ವ್ಯಾಪಾರ ನಿಂತಿದೆ. 48 ಪೌಂಡಿನ ಬೀಜ ಎಂದು ಕೊಂಡದ್ದು 46 ಬಂದರೆ ಆ ಲಾಟಿನ, ಅಂದರೆ ಒಮ್ಮೆಗೆ ಕೊಂಡ ಬೀಜದ, ಲಾಭ ಅಲ್ಲಿಗೇ ಹೋಯಿತು. ಬಂದ ತಿರುಳಿನಲ್ಲೂ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320, ಹೋಳು, ಚೂರು ಎಂದು ದರ್ಜೆಗಳು, ಒಂದೊಂದಕ್ಕೆ ಒಂದೊಂದು ದರ. ವರ್ಷದ ಕೊನೆಗೆ ದಾಸ್ತಾನನ್ನು "ಗೇರುತಿರುಳು, ಇಷ್ಟು ಕಿಲೋ" ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಆ ಲೆಕ್ಕ ನನಗೆ ಏನು ಹೇಳಿತು? ಗ್ರೇಡಿಂಗ್ ಮೇಜಿನ ಹತ್ತಿರ ಹೋಗಿ, ಅಲ್ಲಿ ಕೂತ ಅಕ್ಕಂದಿರನ್ನು ಕೇಳಿ, ಲಾಟುವಾರು ಪುಸ್ತಕ ಇಟ್ಟ ಹುಡುಗಿಯೊಬ್ಬಳು ನಮ್ಮಲ್ಲಿದ್ದಾಳೆ. ಯಾವ ವ್ಯಾಪಾರಿಯ ಬೀಜ ಪ್ರತಿ ಸಲ ಎರಡು ಪೌಂಡ್ ಕಡಿಮೆ ಬರುತ್ತದೆ ಎಂದು ಮೊದಲು ತೋರಿಸಿದ್ದು ಅವಳೇ. ಈಗ ಖರೀದಿಯ ಮಾತುಕತೆಗೆ ಅವಳು ಪಕ್ಕದಲ್ಲಿ ಇಲ್ಲದೆ ನಾನು ಕೂರುವುದಿಲ್ಲ.

ಕಾನೂನಿನ ಸೂಕ್ಷ್ಮವೂ ವ್ಯಾಪಾರಕ್ಕೆ ತಕ್ಕಂತೆ ಬೇರೆ. ರೈತರಿಂದ ಸುಲಿಯದ ಗೇರುಬೀಜ ಕೊಂಡರೆ ಜಿಎಸ್‌ಟಿ ಕಟ್ಟಬೇಕಾದವರು ನಾವು, ರಿವರ್ಸ್ ಚಾರ್ಜ್. ಅದನ್ನು ನಗದು ಲೆಡ್ಜರಿನಿಂದಲೇ, ಅಂದರೆ ಕೈಯಿಂದ ಹಾಕಿದ ಹಣದಿಂದಲೇ ಕಟ್ಟಬೇಕು, ಆಮೇಲೆ ಐಟಿಸಿ (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ) ತೆಗೆದುಕೊಳ್ಳಬೇಕು. ಖರೀದಿಯ ತಿಂಗಳಲ್ಲಿ ಇದಕ್ಕೆ ಹಣ ಎತ್ತಿಡದಿದ್ದರೆ 20ನೇ ತಾರೀಕು ಪರದಾಟ. ಪರೀಕ್ಷೆಗೆ ಓದಿದವರಿಗೆ ಈ ನಿಯಮ ಗೊತ್ತಿರುತ್ತದೆ. ಯಾವ ವಾರ ಎಷ್ಟು ಬೇಕಾಗುತ್ತದೆ ಎಂದು ಮುಂಚಿತವಾಗಿ ಹೇಳುವವರು ಸಿಗುವುದಿಲ್ಲ.

ಹೆಸರು_ಬೇಡ

ಎಲ್ಲರೂ ಸಿಹಿ ಹಂಚುತ್ತಿದ್ದೀರಿ, ನಾನು ಕಹಿ ಹೇಳುತ್ತೇನೆ. ನಾನಿದ್ದ ಒಂದು ಕಡೆ ಮಾರ್ಚ್ ತಿಂಗಳಲ್ಲಿ ಮಾಲೀಕರ ಸ್ನೇಹಿತರಿಂದ ಒಂದಿಷ್ಟು ಖರೀದಿ ಬಿಲ್ಲುಗಳು ಬಂದವು. ಲಾರಿ ಬಂದದ್ದಿಲ್ಲ, ಗೇಟಿನ ಪುಸ್ತಕದಲ್ಲಿ ನಮೂದಿಲ್ಲ, ಸರಕು ಸಾಗಣೆಯ ಇ-ವೇ ಬಿಲ್ಲಿನಲ್ಲಿದ್ದ ವಾಹನದ ಸಂಖ್ಯೆ ಹುಡುಕಿದರೆ ಸ್ಕೂಟರು. "ಎಂಟ್ರಿ ಹಾಕು, ಮುಂದಿನದು ನಾನು ನೋಡಿಕೊಳ್ಳುತ್ತೇನೆ" ಎಂದರು. ಎಂಟ್ರಿ ಹಾಕಲಿಲ್ಲ, ಆ ಏಪ್ರಿಲ್‌ನಲ್ಲಿ ಹೊರಬಂದೆ. ಸರಕಿಲ್ಲದೆ ಬಿಲ್ಲು ಕೊಡುವುದೂ ಅಂಥ ಬಿಲ್ಲಿನ ಮೇಲೆ ಐಟಿಸಿ ಪಡೆಯುವುದೂ ಕೇಂದ್ರ ಜಿಎಸ್‌ಟಿ ಕಾಯ್ದೆಯ 132ನೇ ಕಲಮಿನಡಿ ಅಪರಾಧ, ಮೊತ್ತ ದೊಡ್ಡದಾದರೆ ಜೈಲಿದೆ.

ಸಣ್ಣ ಕಡೆ ಇನ್ನೊಂದು ಅಭ್ಯಾಸವಿದೆ. ಮಾಲೀಕರ ಡಿಜಿಟಲ್ ಸಹಿಯ ಡಾಂಗಲ್ ಅಕೌಂಟೆಂಟಿನ ಡ್ರಾಯರಿನಲ್ಲಿ, ಓಟಿಪಿ ವಾಟ್ಸ್ಆ್ಯಪಿನಲ್ಲಿ. ನಂಬಿಕೆಯ ಗುರುತು ಎಂದು ಹಿಗ್ಗಬೇಡಿ. ರಿಟರ್ನ್ ಸಲ್ಲಿಸುವ ಮುನ್ನ ಮೊತ್ತಗಳನ್ನು ಒಂದು ಮೇಲ್‌ನಲ್ಲಿ ಕಳಿಸಿ, "ಸರಿ" ಎಂದು ಉತ್ತರ ತರಿಸಿಕೊಂಡು ಮುಂದುವರಿಯಿರಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮನ್ನೇ ಅಧಿಕೃತ ಸಹಿದಾರರನ್ನಾಗಿ ಮಾಡುತ್ತೇನೆ ಎಂದರೆ ಕೈಮುಗಿದು ಬೇಡ ಎನ್ನಿ.

ಪೀಣ್ಯ_ಹಳಬ

ಇದಕ್ಕೆ ನನ್ನದೊಂದು ಸಹಿ. ಮಾಲೀಕರನ್ನು ಮೊದಲು ನೋಡು ಎಂದದ್ದು ಇದೇ ಕಾರಣಕ್ಕೆ.

ದಾವಣಗೆರೆ_ಸಿಎ

ಪ್ರಶ್ನೆ ಕೇಳಿದವರ ಸಿಎ ಇಂಟರ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಎರಡನೆಯ ಗ್ರೂಪ್ ಆಗಲಿಲ್ಲ ಎಂದು ಇಪ್ಪತ್ತರ ಹರೆಯವನ್ನೆಲ್ಲ ಅದಕ್ಕೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹಣಕಾಸು ಆಡಿಟ್ ವರದಿಗೆ ಸಹಿ ಹಾಕಬೇಕೆಂದರೆ ಸಿಎ ಆಗಲೇಬೇಕು, ಬೇರೆ ದಾರಿಯಿಲ್ಲ. ಆದರೆ ಉತ್ಪಾದನಾ ಘಟಕದೊಳಗೆ ಬೆಳೆಯುವ ಆಸೆಯಿದ್ದರೆ ಸಿಎಂಎ, ಅಂದರೆ ನಮ್ಮ ಹಿರಿಯರು ಐಸಿಡಬ್ಲ್ಯುಎ ಎನ್ನುತ್ತಿದ್ದ ಕೋರ್ಸು, ಹೆಚ್ಚು ಹತ್ತಿರದ್ದು. ಅದರ ವೆಚ್ಚ ಲೆಕ್ಕಶಾಸ್ತ್ರವನ್ನು ಓದಿದ ಮರುದಿನವೇ ಶಾಪ್ ಫ್ಲೋರಿನಲ್ಲಿ ಬಳಸಬಹುದು. ಕೆಲಸ ಮಾಡುತ್ತಲೇ ಬರೆಯಬಹುದು.

ಇನ್ನೊಂದು ಮಾರ್ಗವೂ ಇದೆ. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆಲ್ಲ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಕೆಲವರು ಕ್ಯೂಆರ್ ಕೋಡ್ ಕಿತ್ತುಹಾಕಿ "ನಗದು ಮಾತ್ರ" ಎಂದು ಚೀಟಿ ಅಂಟಿಸಿದರು. ಅಂಥ ಎಷ್ಟೋ ಅಂಗಡಿಗಳಲ್ಲಿ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾರಾಟ ಎಷ್ಟು, ತೆರಿಗೆಯುಳ್ಳದ್ದು ಎಷ್ಟು ಎಂದು ಬೇರ್ಪಡಿಸುವ ಪುಸ್ತಕವೇ ಇರಲಿಲ್ಲ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ನೋಂದಣಿ ಮಿತಿಯ ಹತ್ತಿರ ಇರುವ ವ್ಯಾಪಾರಿಗಳಿಗೆ ಪೂರ್ಣಾವಧಿ ಅಕೌಂಟೆಂಟ್ ಸಾಕುವ ಶಕ್ತಿಯಿಲ್ಲ. ಐದಾರು ಜನರ ಲೆಕ್ಕವನ್ನು ಒಬ್ಬರೇ ಹಿಡಿದು, ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡು ಬದುಕು ಕಟ್ಟಿಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ರಾತ್ರಿಪಾಳಿ

ಐದಾರು ಅಂಗಡಿಯ ಲೆಕ್ಕ ಬರೆದು ಆ ಶುಲ್ಕವನ್ನು ವಸೂಲಿ ಮಾಡುವುದು ಯಾರು ಸರ್? ನಮ್ಮ ಸೋದರಮಾವ ಮಾಡುತ್ತಿದ್ದರು. ಎಲ್ಲರ ಬಾಕಿ ವಸೂಲಿಗೂ ಪಟ್ಟಿ ಮಾಡಿಕೊಟ್ಟವರು, ತಮ್ಮ ಬಾಕಿಗೆ ಪಟ್ಟಿ ಮಾಡಲಿಲ್ಲ.

ದಾವಣಗೆರೆ_ಸಿಎ

ಅದು ನಮಗೂ ಇರುವ ಕಾಯಿಲೆ. ಮುಂಗಡ ತೆಗೆದುಕೊಳ್ಳಿ.

ಗೋಕುಲರಸ್ತೆ

ಎಲ್ಲರಿಗೂ ಧನ್ಯವಾದ. ನಿನ್ನೆ ಕಾರ್ಖಾನೆಗೆ ಹೋಗಿ ಬಂದೆ. ಪೀಣ್ಯದ ಹಿರಿಯರು ಹೇಳಿದಂತೆ ಬ್ಯಾಂಕ್ ಖಾತೆಯ ಪ್ರಶ್ನೆ ಕೇಳಿದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡುವುದಕ್ಕೆ ತಾನೇ? ಆಯಿತು" ಎಂದರು. ಮನೆ ಖರ್ಚಿನ ಮಾತಿಗೆ ನಕ್ಕರು, ಉತ್ತರ ಕೊಡಲಿಲ್ಲ.

ಕಂಪ್ಯೂಟರಿನ ಪಕ್ಕದಲ್ಲಿ ಡೆಲಿವರಿ ಚಲನ್‌ಗಳ ದೊಡ್ಡ ಕಟ್ಟು ಇತ್ತು. ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಕಳಿಸಿದ ಮಾಲಿನವು. ಯಾವುದು ವಾಪಸು ಬಂತು, ಯಾವುದು ಬಂದಿಲ್ಲ ಎಂದು ಕೇಳಿದರೆ ಸ್ಟೋರ್ಸಿನವರಿಗೆ ಬಾಯಿಪಾಠವಿದೆ, ಪುಸ್ತಕದಲ್ಲಿಲ್ಲ. ಇನ್ನೊಂದು, ಉಕ್ಕಿನ ಸರಳು ಕೊಡುವ ಒಬ್ಬ ಪೂರೈಕೆದಾರರ ಬಿಲ್ಲುಗಳು 2ಬಿಯಲ್ಲಿ (ಪೂರೈಕೆದಾರರು ಹಾಕಿದ ಬಿಲ್ಲುಗಳ ಜಿಎಸ್‌ಟಿ ಪೋರ್ಟಲ್ ಪಟ್ಟಿ) ಪ್ರತಿ ತಿಂಗಳೂ ಕಾಣಿಸುವುದಿಲ್ಲವಂತೆ, ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತವಂತೆ. ಸೇರಿದರೆ ಮೊದಲು ಯಾವುದಕ್ಕೆ ಕೈಹಾಕಲಿ? ಸಂಬಳದ ಬಗ್ಗೆ ಹೇಗೆ ಮಾತಾಡಲಿ?

ಉದ್ಯಮಬಾಗ್_ಅಕೌಂಟ್ಸ್

2ಬಿಯ ಒಗಟು ಸುಲಭ. ಆ ಪೂರೈಕೆದಾರರು ತ್ರೈಮಾಸಿಕ ರಿಟರ್ನ್ ಯೋಜನೆಯಲ್ಲಿದ್ದಾರೆ. ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಐಎಫ್ಎಫ್ ಎಂಬ ಬಿಲ್ ಫಾರಂ‌ನಲ್ಲಿ 13ರೊಳಗೆ ಹಾಕುವ ಸೌಲಭ್ಯ ಅವರಿಗಿದೆ, ಬಳಸುತ್ತಿಲ್ಲ. ಫೋನ್ ಮಾಡಿ ಹಾಕಿಸಿಕೊಳ್ಳಿ. ತಿಂಗಳಿಗೆ ಹತ್ತು ಲಕ್ಷದ ಸರಳು ಕೊಂಡರೆ ಮೊದಲ ತಿಂಗಳ 1.8 ಲಕ್ಷದ ಐಟಿಸಿ ಎರಡು ತಿಂಗಳು ಮೊದಲೇ ಕೈಗೆ ಬಂತು. ಸೇರಿದ ಮೊದಲ ವಾರದಲ್ಲೇ ಮಾಲೀಕರಿಗೆ ಅಂಕಿಯಲ್ಲಿ ತೋರಿಸಬಹುದಾದ ಕೆಲಸ ಇದು.

ಚಲನ್ ಕಟ್ಟು ಕಷ್ಟದ್ದು, ಆದರೆ ತುರ್ತಿನದು. ಹೀಗೆ ಹೊರಗೆ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಮರಳದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ತೆರಿಗೆಯ ಜತೆ ಬಡ್ಡಿಯೂ ಬೀಳುತ್ತದೆ. ಡೈ, ಜಿಗ್, ಫಿಕ್ಸ್‌ಚರ್ ಎಂಬ ಅಚ್ಚು, ಹಿಡಿಕೆಯ ಉಪಕರಣಗಳಿಗೆ ಈ ಗಡುವಿಲ್ಲ. ಸ್ಟೋರ್ಸಿನವರ ಬಾಯಿಪಾಠವನ್ನು ಅವರ ಪಕ್ಕದಲ್ಲೇ ಕೂತು ಬರೆದುಕೊಳ್ಳಿ. ಅವರನ್ನು ತಪ್ಪಿತಸ್ಥರಂತೆ ಕೇಳಬೇಡಿ, ಮುಂದೆ ದಾಸ್ತಾನಿನ ಪ್ರತಿ ಲೆಕ್ಕಕ್ಕೂ ಅವರೇ ಬೇಕು.

ಮುಖ್ಯವಾದದ್ದು, ಈ ವರ್ಷ ನಿಮ್ಮ ಘಟಕ ಐದು ಕೋಟಿಯ ಗೆರೆ ದಾಟುತ್ತದೆ. ಬರುವ ಏಪ್ರಿಲ್‌ನಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲು) ಕಡ್ಡಾಯ, ಬಿಲ್ಲಿನಲ್ಲಿ ಸರಕಿನ ಎಚ್ಎಸ್ಎನ್ ಕೋಡ್ ಆರು ಅಂಕಿ, ಜಾಬ್ ವರ್ಕ್‌ನ ವಿವರದ ಐಟಿಸಿ-04 ಫಾರಂ ವರ್ಷಕ್ಕೊಮ್ಮೆ ಹಾಕುವುದು ಹೋಗಿ ಆರು ತಿಂಗಳಿಗೊಮ್ಮೆ. ಈ ವರ್ಷದ ವಾರ್ಷಿಕ ರಿಟರ್ನಿನ ಜತೆ ಲೆಕ್ಕಪುಸ್ತಕದೊಂದಿಗಿನ 9ಸಿ ತಾಳೆಪಟ್ಟಿಯೂ ಬೇಕು. ಇದನ್ನು ಒಂದು ಪುಟದಲ್ಲಿ ಬರೆದು, ಅದಕ್ಕೆ ಏನೇನು ತಯಾರಿ ಬೇಕು ಎಂದು ಹೇಳಿ, ಅದೇ ಪುಟ ಹಿಡಿದುಕೊಂಡು ಸಂಬಳ ಮಾತಾಡಿ. 28ಕ್ಕೆ ಸೇರಿ, ಆರು ತಿಂಗಳಿಗೆ ಮರುಪರಿಶೀಲನೆ ಎಂದು ನೇಮಕಾತಿ ಪತ್ರದಲ್ಲೇ ಬರೆಸಿ.

ಪೀಣ್ಯ_ಹಳಬ

ಅಕ್ಕನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲವು ಮಾಲೀಕರು "ಲಾಭದಲ್ಲಿ ಪಾಲು ಕೊಡುತ್ತೇನೆ" ಎಂದು ಸಂಬಳ ಇಳಿಸುತ್ತಾರೆ. ಒಪ್ಪಬೇಡ. ಲಾಭದ ಅಂಕಿಯನ್ನು ಬರೆಯುವವನು ನೀನು, ಅದರಲ್ಲಿ ನಿನಗೇ ಪಾಲಿದ್ದರೆ ಬ್ಯಾಂಕಿನವರೂ ನಂಬುವುದಿಲ್ಲ, ನಾಳೆ ಮಾಲೀಕರ ಮಗನೂ ನಂಬುವುದಿಲ್ಲ. ವಸೂಲಿಗೆ ಪ್ರೋತ್ಸಾಹಧನ ಕೇಳು, 90 ದಿನ ಮೀರಿದ ಬಾಕಿ ಇಷ್ಟು ಇಳಿದರೆ ಇಷ್ಟು ಎಂದು. ಅದು ಬ್ಯಾಂಕ್ ಖಾತೆಯಲ್ಲಿ ಕಣ್ಣಿಗೆ ಕಾಣುತ್ತದೆ.

ಉದ್ಯಮಬಾಗ್_ಅಕೌಂಟ್ಸ್

ಇಲ್ಲಿ ನನ್ನದು ಭಿನ್ನಮತ. ವಸೂಲಿಗೆ ಬಹುಮಾನ ಇಟ್ಟರೆ ಅಕೌಂಟೆಂಟ್ ಎಲ್ಲ ಗ್ರಾಹಕರಿಗೂ ಒಂದೇ ದನಿಯಲ್ಲಿ ಫೋನ್ ಮಾಡುತ್ತಾನೆ. ನಮ್ಮ ಅತಿ ದೊಡ್ಡ ಗ್ರಾಹಕರ ಖರೀದಿ ವಿಭಾಗದವರು ಅಂಥ ಒಂದು ಫೋನಿಗೆ ಮುನಿಸಿಕೊಂಡು ಎರಡು ತಿಂಗಳು ಆರ್ಡರ್ ಇಳಿಸಿದ್ದರು. ಅದಕ್ಕಿಂತ ನಿಮ್ಮ ಘಟಕ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿದೆಯೇ ನೋಡಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಸೂಕ್ಷ್ಮ, ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 2023-24ರಿಂದ, ತಡಮಾಡಿದ ಬಾಕಿಯನ್ನು ಕೊಳ್ಳುವ ಕಂಪನಿ ಆ ವರ್ಷದ ವೆಚ್ಚವೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಹಾಗಾಗಿ ಮಾರ್ಚ್ ಬಂದರೆ ಅವರ ಆಡಿಟರೇ ನಮ್ಮ ಪರವಾಗಿ ವಸೂಲಿಗೆ ನಿಲ್ಲುತ್ತಾರೆ.

ಗೇರುಬೀಜ_ಕಾರ್ಕಳ

ಕಾಗದದ ಮೇಲೆ 45 ದಿನ ಮೇಡಂ. ದೊಡ್ಡವರು ಮಾಲು ಇಳಿಸಿಕೊಂಡ ದಿನ ಬಿಟ್ಟು, ಗುಣಮಟ್ಟ ಪರೀಕ್ಷೆ ಮುಗಿದ ದಿನದಿಂದ ಎಣಿಸುತ್ತಾರೆ. ಪರೀಕ್ಷೆ ಒಂದು ತಿಂಗಳು ನಡೆಯುತ್ತದೆ.

ಉದ್ಯಮಬಾಗ್_ಅಕೌಂಟ್ಸ್

ಕಾಯ್ದೆಯಲ್ಲಿ ಅದಕ್ಕೂ ಮಿತಿಯಿದೆ. ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ದಿನ. ಆದ್ದರಿಂದ ತಲುಪಿದ ದಿನಾಂಕದ ಮೊಹರು ಹಾಕಿದ ಚಲನ್ ಪ್ರತಿಯನ್ನು ಡ್ರೈವರ್ ವಾಪಸು ತರಲೇಬೇಕು. ನಮ್ಮಲ್ಲಿ ಅದು ಬರದಿದ್ದರೆ ಬಾಡಿಗೆ ಪಾವತಿಯಾಗುವುದಿಲ್ಲ.

ಗೋಕುಲರಸ್ತೆ

ಸೇರುತ್ತಿದ್ದೇನೆ. 30 ಸಾವಿರಕ್ಕೆ ಒಪ್ಪಿದರು, ಆರು ತಿಂಗಳ ಮರುಪರಿಶೀಲನೆ ಪತ್ರದಲ್ಲಿದೆ, ಪ್ರೋತ್ಸಾಹಧನದ ಮಾತು ಎತ್ತಲಿಲ್ಲ. ಸಿಎಂಎಗೆ ಹೆಸರು ನೋಂದಾಯಿಸುವ ಯೋಚನೆಯಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಮೊಹರಿನ ಚಲನ್ ಬಗ್ಗೆ ವಿಚಾರಿಸಿದೆ. ಡ್ರೈವರ್‌ಗಳು ತರುತ್ತಾರಂತೆ, ಆದರೆ ಅವೆಲ್ಲ ಸೆಕ್ಯುರಿಟಿ ಕೋಣೆಯ ಒಂದು ಗೋಣಿಚೀಲದಲ್ಲಿವೆ.

ಪೀಣ್ಯ_ಹಳಬ

ಚೀಲವನ್ನು ಮಳೆಗಾಲಕ್ಕೆ ಮೊದಲು ಒಳಗೆ ತರಿಸು.